ಬಾಳೆಹಣ್ಣಿಗೆ ಚಾಕಲೇಟಿನ ಅಂಗಿ

ಕೈ ತೋಯಿಸಿಕೊಳ್ಳದೆ ನಾನು ಯಾವ ಕೆಲಸಕ್ಕೂ ಕೈ ಹಾಕುವವನಲ್ಲ. ಇದು ಆಚಾರವೆಂದು ತಿಳಿದು ನನಗೆ ಕೈ ಮುಗಿದವರಿದ್ದಾರೆ. ರೋಗವೆಂದು ತಿಳಿದು ಒಳ್ಳೆಯ ಡಾಕ್ಟರರ ವಿಳಾಸ ಕೊಟ್ಟವರೂ ಇದ್ದಾರೆ. ಎರಡೂ ಅಲ್ಲ. ನಾನು ಹುಬ್ಬಳ್ಳಿಯ ಮಿಠಾಯಿಗಾರ. ಅದರಲ್ಲೂ ಸಕ್ಕರೆ ಗೊಂಬೆಯವನು. ಗೌರಿಹುಣ್ಣಿಮೆಗೆ ನಮ್ಮ ಕಡೆಯ ಹೆಣ್ಣುಮಕ್ಕಳು ತಾಟಿನಲ್ಲಿಟ್ಟು ಆರತಿ ಬೆಳಗುತ್ತಾರಲ್ಲ, ಆ ಆನೆ, ಒಂಟೆ, ನವಿಲು ನನ್ನ ಕೈಯಿಂದ ಹೊರಟವು. ಆ ಕೆಲಸದ ಮೊದಲ ಪಾಠವೂ ಕಡೆಯ ಪಾಠವೂ ಒಂದೇ: ನೀರು. ಕಟ್ಟಿಗೆಯ ಅಚ್ಚನ್ನು ಮುನ್ನಾದಿನವೇ ನೀರಿನಲ್ಲಿ ನೆನೆಹಾಕಬೇಕು. ಒಣ ಅಚ್ಚಿಗೆ ಪಾಕ ಹೊಯ್ದಿರೋ, ಆನೆಯ ಸೊಂಡಿಲು ಅಚ್ಚಿನಲ್ಲೇ ಉಳಿದು ಹಂದಿ ಹೊರಗೆ ಬರುತ್ತದೆ. ಕೈ ತೋಯ್ದಿರಬೇಕು, ಅರಿವೆ ತೋಯ್ದಿರಬೇಕು. ಪಾಕ ಬಿಗಿಯಿತೋ, ನಾಲ್ಕು ಹನಿ ನೀರು ಚಿಮುಕಿಸಿದರೆ ಮತ್ತೆ ದಾರಿಗೆ ಬರುತ್ತದೆ. ಹೀಗಾಗಿ ಈ ಕೈಗೆ ನೀರು ಕಾಣದೆ ಧೈರ್ಯ ಬರುವುದಿಲ್ಲ.

ಮೊನ್ನೆ ಮುಂಜಾನೆ ಅದೇ ಧೈರ್ಯದಲ್ಲಿ ಪೇಪರು ಬಿಡಿಸಿದೆ. ಮಂತ್ರಿಯೊಬ್ಬರ ಮೂಗು ನನ್ನ ಹೆಬ್ಬೆರಳಿಗೆ ಅಂಟಿಕೊಂಡು ಬಂತು. ನನ್ನ ಹೆಂಡತಿ ಗಿರಿಜವ್ವ ಚಹಾ ಇಡುತ್ತ, "ಪೇಪರಾರ ಒಣಗೇ ಇರಲಿ ಬಿಡ್ರಿ. ಅದಕ್ಕೂ ಚಾಕಲೇಟಿನ ಗತಿ ಕಾಣಿಸಬ್ಯಾಡ್ರಿ," ಅಂದಳು.

ನೋಡಿರಿ, ನಮ್ಮ ಮನೆಯಲ್ಲಿ ಚಾಕಲೇಟು ಅನ್ನುವುದು ತಿನ್ನುವ ಪದಾರ್ಥವಲ್ಲ, ನನ್ನ ಬಾಯಿ ಮುಚ್ಚಿಸುವ ಪದಾರ್ಥ. ಆ ಕಥೆ ಅರವತ್ಮೂರೋ ಅರವತ್ನಾಲ್ಕೋ ಇಸವಿಯದು. ಹೇಳಿಬಿಡುತ್ತೇನೆ. ನಾನೇ ಹೇಳಿದರೆ ಸ್ವಲ್ಪ ಮಾನ ಉಳಿಯುತ್ತದೆ. ಆಕೆ ಹೇಳಿದರೆ ಅದೂ ಇಲ್ಲ.

ನಾನು ಸಾಲಿ ಬಿಟ್ಟದ್ದು ನಾಲ್ಕನೆಯ ಇಯತ್ತೆಯಲ್ಲಿ. ಬಡತನಕ್ಕೆ ಬಿಟ್ಟೆ ಎಂದು ಹೇಳಿಕೊಂಡರೆ ಕೇಳಿದವರು ಅಯ್ಯೋ ಅನ್ನುತ್ತಾರೆ, ಅದು ಸುಳ್ಳೂ ಅಲ್ಲ. ಆದರೆ ನಿಜವಾದ ಕಾರಣ ಇರುವೆ. ಮುಂಜಾನೆ ಬಸಲಿಂಗಪ್ಪ ಕಾಕಾನ ಮಿಠಾಯಿ ಭಟ್ಟಿಯಲ್ಲಿ ಗೊಂಬೆ ಬಿಡಿಸಿ, ಅದೇ ಅಂಗಿಯಲ್ಲಿ ಸಾಲಿಗೆ ಹೋಗುತ್ತಿದ್ದೆ. ಹುಬ್ಬಿನ ಮೇಲೂ ಸಕ್ಕರೆ. ಅರ್ಧ ತಾಸಿನಲ್ಲಿ ಬಾಗಿಲಿನಿಂದ ನನ್ನ ತನಕ ಇರುವೆಯ ಸಾಲು. ನಾನು ಹಿಂದಿನ ಗ್ವಾಡಿಗೆ ಅವಿತು ಕೂತರೂ ಮಾಸ್ತರರು ಆ ಸಾಲು ಹಿಡಿದೇ ನನ್ನನ್ನು ಪತ್ತೆ ಹಚ್ಚಿ ಮಗ್ಗಿ ಕೇಳುತ್ತಿದ್ದರು. ಒಂದು ದಿನ ಇರುವೆ ಅವರ ಧೋತರದ ತನಕ ಹೋಯಿತು. ಅಲ್ಲಿಗೆ ನನ್ನ ವಿದ್ಯಾಭ್ಯಾಸ ಮುಗಿಯಿತು. ಅಲ್ಲಿಂದ ಮುಂದೆ ಭಟ್ಟಿಯೇ ಸಾಲಿ, ಕಾಕಾನೇ ಮಾಸ್ತರ. ಕಾಕಾ ಯಾವತ್ತೂ ಕಾರಣ ಹೇಳಿದವನಲ್ಲ. "ಯಾಕ ಕಾಕಾ?" ಅಂದರೆ ಬಿಸಿ ಸಟ್ಟುಗದಲ್ಲಿ ಉತ್ತರ ಕೊಡುತ್ತಿದ್ದ. ಹೀಗೆ ಕಲಿತ ವಿದ್ಯೆ ಮರೆಯುವುದಿಲ್ಲ. ಕಾಕಾ ಹೋದ ಮೇಲೆ ಭಟ್ಟಿ ನನ್ನದಾಯಿತು. ಸಟ್ಟುಗದ ಸ್ವಭಾವವೂ ನನಗೇ ಬಂತು.

ಅಪ್ಪ ತೀರಿಕೊಂಡಾಗ ತಂಗಿ ಶಾರದಾ ತೊಟ್ಟಿಲಲ್ಲಿದ್ದಳು. ಅವಳನ್ನು ಬೆಳೆಸಿದವನು ನಾನು. ಸಕ್ಕರೆ ಚೀಲದ ಮೇಲೆ ಕೂತು ಓದಿ ಓದಿ ಹುಡುಗಿ ಮ್ಯಾಟ್ರಿಕ್ ಪಾಸಾದಳು. ಇಡೀ ಓಣಿಗೆ ನಾನೇ ಪೇಢೆ ಹಂಚಿದೆ. "ನಮ್ಮ ಮನಿತನದಾಗ ತಲಿ ಮೊದಲಿಂದ ಛಲೋ," ಎಂದು ಎಲ್ಲರಿಗೂ ಹೇಳಿದೆ. ಯಾರಾದರೂ ನನ್ನ ಓದು ಕೇಳುವ ಮೊದಲೇ ಇನ್ನೊಂದು ಪೇಢೆ ಬಾಯಿಗಿಡುತ್ತಿದ್ದೆ.

ಪೇಢೆ ಮುಗಿದ ವಾರಕ್ಕೆ ಅವಳು ಒಂದು ಫಾರ್ಮು ತಂದು ನನ್ನ ಮುಂದೆ ಇಟ್ಟಳು. ಧಾರವಾಡದಲ್ಲಿ ಎರಡು ವರ್ಷದ ಗೃಹವಿಜ್ಞಾನದ ತರಗತಿ, ಅಲ್ಲೇ ವಸತಿ. ಸೋಮವಾರ ಕಡೆಯ ದಿನ. ಮನೆಯ ಹಿರಿಯರ ಸಹಿ ಬೇಕು.

"ಏನ ಕಲಿಸ್ತಾರ ಅದರಾಗ?" ಅಂದೆ.

"ಅಡಿಗಿ, ಆಹಾರ, ಮಕ್ಕಳ ಆರೈಕಿ, ಹೊಲಿಗಿ..."

"ಅಡಿಗಿ!" ನನಗೆ ನಗು ಬಂತು. "ಅಡಿಗಿ ಕಲಿಯಾಕ ಧಾರವಾಡಕ್ಕ ಹೋಗಬೇಕೇನು? ಇಪ್ಪತ್ತು ವರ್ಷ ಬೆಂಕಿ ಮುಂದ ಕುಂತೇನಿ. ನನಗ್ಯಾರು ಸರ್ಟಿಫಿಕೇಟ್ ಕೊಟ್ಟಾರ? ಇಲ್ಲೇ ಕುಂದರು, ಎರಡು ತಿಂಗಳದಾಗ ಎಲ್ಲಾ ಕಲಿಸ್ತೇನಿ."

"ನೀ ಮಾಡೋದು ನಿನಗ ಗೊತ್ತೈತಿ ಅಣ್ಣಾ," ಅಂದಳು ಹುಡುಗಿ, ತಲೆ ತಗ್ಗಿಸಿಕೊಂಡೇ. "ಯಾಕ ಹಂಗ ಆಕೈತಿ ಅನ್ನೋದು ಗೊತ್ತಿಲ್ಲ."

ಕೈಯಲ್ಲಿ ಸಟ್ಟುಗವಿತ್ತು. ಅದನ್ನು ನಿಧಾನ ಕೆಳಗಿಟ್ಟೆ. ಸಿಟ್ಟು ಬಂದರೆ ನನಗೆ ಪುಸ್ತಕದ ಕನ್ನಡ ಬರುತ್ತದೆ. "ಆಗುತ್ತದೆಯಲ್ಲ, ಅಷ್ಟು ಸಾಕು!" ಅಂದೆ. ಒಳಗೆ ರೊಟ್ಟಿ ಬಡಿಯುತ್ತಿದ್ದ ಗಿರಿಜವ್ವ ಬಡಿಯುವುದನ್ನೇ ನಿಲ್ಲಿಸಿದಳು.

ಈಗ ಆ ಚಾಕಲೇಟು ಹಣ್ಣಿನ ವಿಷಯಕ್ಕೆ ಬರುತ್ತೇನೆ. ಶಾರದಾಳ ಜೋಡಿ ಕಲಿತ ಲೀಜಾ ಎಂಬ ಹುಡುಗಿಯ ಮನೆ ರೈಲ್ವೆ ಕಾಲನಿಯಲ್ಲಿತ್ತು. ಅವಳ ತಾಯಿ ಹಬ್ಬಕ್ಕೆ ಬಾಳೆಹಣ್ಣಿನ ಬಿಲ್ಲೆಗಳನ್ನು ಕರಗಿದ ಚಾಕಲೇಟಿನಲ್ಲಿ ಅದ್ದಿ ಒಣಗಿಸುತ್ತಿದ್ದಳಂತೆ. ಶಾರದಾ ಅಂಥ ನಾಲ್ಕು ಬಿಲ್ಲೆ ಕಾಗದದಲ್ಲಿ ಸುತ್ತಿ ಮನೆಗೆ ತಂದಿದ್ದಳು. ಹೊರಗೆ ಹೊಳೆಯುವ ಕಂದು ಅಂಗಿ, ಕಚ್ಚಿದರೆ ಟಕ್ ಎನ್ನುತ್ತದೆ, ಒಳಗೆ ಮೆತ್ತನೆಯ ಹಣ್ಣು. ನಾನು ಎರಡು ತಿಂದೆ. ತಿಂದು, "ಇದರಾಗ ಏನೈತಿ, ಕರೀ ಪಾಕ," ಅಂದೆ. ಖರೆ ಹೇಳಬೇಕೆಂದರೆ ಮೂರನೆಯದೂ ತಿಂದೆ. ಇಷ್ಟು ವರ್ಷ ಜನರ ಬಾಯಿ ಸಿಹಿ ಮಾಡಿದವನಿಗೆ, ತಾನು ಮಾಡದ ಸಿಹಿ ಇಷ್ಟು ರುಚಿಯಾಗಿರಬಹುದು ಎಂದು ಗೊತ್ತಾದದ್ದು ಸಣ್ಣ ಸಂಕಟವೇನಲ್ಲ.

ಆ ಸಂಕಟವೇ ಈಗ ಬಾಯಿಗೆ ಬಂತು. "ಆ ಚಾಕಲೇಟ್ ಹಣ್ಣು ಕಲಿಸ್ತಾರೇನು ಧಾರವಾಡದಾಗ?"

"ಅಂಥಾವೂ ಕಲಿಸಬಹುದು."

"ಹಂಗಾರ ಕೇಳು. ಐತವಾರ ಮುಂಜಾನೆ ಅದನ್ನ ನಾ ಮಾಡಿ ತೋರಸ್ತೇನಿ. ಪುಸ್ತಕ ನೋಡಂಗಿಲ್ಲ, ಯಾರನ್ನೂ ಕೇಳಂಗಿಲ್ಲ. ಛಲೋ ಆತು ಅಂದ್ರ ಧಾರವಾಡದ ಮಾತು ಬಂದ್. ಕೆಟ್ಟಿತು ಅಂದ್ರ ಸೋಮವಾರ ನಾನ ನಿನ್ನ ಬಸ್ ಹತ್ತಿಸ್ತೇನಿ."

ಶಾರದಾ ನನ್ನ ಮುಖ ನೋಡಿದಳು. "ಮಾತು ಮಾತಽ ಏನಣ್ಣಾ?" ಅಂದಳು. ಅವಳ ದನಿ ಸಣ್ಣಗಾಗಿತ್ತು. ನನಗದು ಆಟ, ಅವಳಿಗೆ ಎರಡು ವರ್ಷ. ಬಹುಶಃ ಇಡೀ ಬಾಳು. ಅದು ನನಗೆ ಗೊತ್ತಿರಲಿಲ್ಲ ಎಂದು ಹೇಳಲಾರೆ. ಗೊತ್ತಿದ್ದೇ ಹೂಂ ಅಂದೆ.

ಇಬ್ಬರ ನಡುವೆ ಪಂಚರು ಬೇಕಲ್ಲ? ಪಕ್ಕದ ಮನೆಯ ನಿವೃತ್ತ ದೇಶಪಾಂಡೆ ಮಾಸ್ತರರು ತಾವಾಗಿಯೇ ಮುಂದೆ ಬಂದರು. ಅವರಿಗೆ ಸಿಹಿ ಕೊಡಬಾರದೆಂದು ಅವರ ಮನೆಯವರು ಇಡೀ ಓಣಿಗೆ ತಾಕೀತು ಮಾಡಿದ್ದರು. ಮಾಸ್ತರರು ಗಂಭೀರವಾಗಿ, "ತಿನ್ನಲಿಕ್ಕೆ ಅಲ್ಲ, ನ್ಯಾಯ ಹೇಳಲಿಕ್ಕೆ ಬರ್ತೀನಿ," ಅಂದರು. ಐತವಾರ ಬೆಳಗಾಗುವುದರೊಳಗೆ ನ್ಯಾಯಾಧೀಶರು ಜಳಕ ಮಾಡಿ, ಕೋಟು ಹಾಕಿ, ನಮ್ಮ ಕಟ್ಟೆಯ ಮೇಲೆ ಕೂತಿದ್ದರು.

ಮೃಗಶಿರದ, ನಮ್ಮ ಮಾತಿನ ಮಿರಗದ, ಮಳೆ ಶುರುವಾಗಿ ನಾಲ್ಕು ದಿನವಾಗಿತ್ತು, ಹವೆ ತಂಪಾಗಿತ್ತು. ಸ್ಟೇಷನ್ ರಸ್ತೆಯ ಬೇಕರಿಯಿಂದ ಬೆಳ್ಳಿಕಾಗದ ಸುತ್ತಿದ ಮೂರು ದಪ್ಪ ಚಾಕಲೇಟು ತಂದಿದ್ದೆ. ಬಾಳೆಹಣ್ಣಿನ ಜೊತೆಗೆ ನನ್ನದೊಂದು ಸುಧಾರಣೆ ಇರಲಿ ಎಂದು ಧಾರವಾಡದ ಆಪೂಸ್ ಮಾವು ಕೂಡ ತಂದೆ. ರೈಲ್ವೆ ಕಾಲನಿಯವರು ಬಾಳೆಯಲ್ಲಿ ಮಾಡಿದ್ದನ್ನು ನಾವು ಆಪೂಸಿನಲ್ಲಿ ಮಾಡಿದರೆ ನಮ್ಮ ಘನತೆ ಅವರಿಗೆ ತಿಳಿಯಲಿ ಎಂದು. ಅವರಿಗೆ ತಿಳಿಸುವವರು ಯಾರೆಂದು ವಿಚಾರ ಮಾಡಿರಲಿಲ್ಲ.

ಬಾಳೆಯನ್ನು ಬಿಲ್ಲೆ ಬಿಲ್ಲೆ ಕೊಯ್ದೆ, ಮಾವನ್ನು ಹೋಳು ಮಾಡಿದೆ. ಎಲ್ಲವನ್ನೂ ಬೋಗುಣಿಯ ತಣ್ಣೀರಿಗೆ ಹಾಕಿದೆ.

"ಅಣ್ಣಾ, ಒಂದು ಮಾತು..." ಅಂದಳು ಶಾರದಾ.

"ಕರಾರು ಏನಾಗಿತ್ತು?"

ಅವಳು ಹಿಂದೆ ಸರಿದು ಕೂತಳು.

ಕಡಾಯಿ ಇಟ್ಟೆ, ಇದ್ದಿಲು ಊದಿದೆ, ಚಾಕಲೇಟು ಮುರಿದು ಹಾಕಿದೆ. ಕರಗಿತು ನೋಡಿರಿ! ರೇಷ್ಮೆ ಪತ್ತಲದ ಮಡಿಕೆ ಬಿಚ್ಚಿದಂತೆ. ಮುಖ ಕಾಣುವಂತೆ ಹೊಳಪು. ಓಣಿಯ ತುದಿಯ ತನಕ ಘಮಘಮ. ಕಟ್ಟೆಯ ಮೇಲಿನ ನ್ಯಾಯಾಧೀಶರು ಒಳಗೆ ಬಂದು ಮಣೆಯ ಮೇಲೆ ಕೂತರು. ನಾನು ತಂಗಿಯ ಕಡೆ ಒಂದು ನೋಟ ಬೀರಿದೆ, ಗೆದ್ದವರು ಬೀರುವಂಥದು. ಆಮೇಲೆ ಕೈ ತೋಯಿಸಿಕೊಂಡು, ಬೋಗುಣಿಯಿಂದ ಹಣ್ಣು ತೆಗೆದು, ನೀರು ಸೋರುತ್ತಿರುವಂತೆಯೇ ಕಡಾಯಿಗೆ ಬಿಟ್ಟೆ.

ಐದು ಬಿಲ್ಲೆಯ ತನಕ ಏನೂ ಆಗಲಿಲ್ಲ. ಆರನೆಯದಕ್ಕೆ ಹೊಳಪು ಹೋಯಿತು. ಏಳನೆಯದಕ್ಕೆ ಚಾಕಲೇಟು ಹುಬ್ಬು ಗಂಟಿಕ್ಕಿತು. ಎಂಟನೆಯದು ಒಳಗೆ ಹೋದದ್ದು ಹೊರಗೆ ಬರಲಿಲ್ಲ. ಮುಖ ಕಾಣುತ್ತಿದ್ದ ಕಡಾಯಿಯಲ್ಲಿ ಈಗ ನೇಗಿಲು ಹೊಡೆದ ಎರಿಹೊಲದ ಹೆಂಟೆಗಳು! ಬಿಗಿಯಿತು ಅಂದುಕೊಂಡು ಕಾಕಾ ಕಲಿಸಿದಂತೆ ನೀರು ಚಿಮುಕಿಸಿದೆ. ಇನ್ನೂ ಬಿಗಿಯಿತು. ಮತ್ತೆ ಚಿಮುಕಿಸಿದೆ. ಸಟ್ಟುಗ ನಿಂತಲ್ಲೇ ನಿಂತಿತು, ನಾನು ಕೈ ಬಿಟ್ಟರೂ ಬೀಳಲಿಲ್ಲ. ಬೆಂಕಿ ಹೆಚ್ಚು ಮಾಡಿದೆ. ತಳ ಹತ್ತಿದ ವಾಸನೆ ಬಂತು.

"ಹಿಂಗ ಇರ್ತದೇನು ಇದು?" ಎಂದು ಮಾಸ್ತರರು ಕುತೂಹಲದಿಂದ ಬಗ್ಗಿ ನೋಡಿದರು.

"ಮಾಲು ಖೋಟಾ ಐತ್ರಿ," ಅಂದೆ.

ಛತ್ರಿ ಹಿಡಿದು ಬೇಕರಿಗೆ ಹೋದೆ. ಬೇಕರಿಯವನು ಗೋವೆಯ ಕಡೆಯ ಸಮಾಧಾನದ ಮನುಷ್ಯ. ನನ್ನ ಕೂಗಾಟ ಎಲ್ಲ ಕೇಳಿಸಿಕೊಂಡು ಕೇಳಿದ: "ಹೇಗೆ ಕರಗಿಸಿದಿರಿ?"

"ಹೆಂಗ ಕರಗಸ್ತಾರೋ ಹಂಗ."

"ನೀರು ಗೀರು ಏನಾದರೂ...?"

"ಇಪ್ಪತ್ತು ವರ್ಷದ ಮಿಠಾಯಿಗಾರನಿಗೆ ನೀರಿನ ಪಾಠ ಹೇಳತಿಯೇನಪಾ?"

ಅವನು ಕೈ ಜೋಡಿಸಿ ಇನ್ನೂ ಮೂರು ಚಾಕಲೇಟು ಕೊಟ್ಟ. ದಾರಿಯಲ್ಲಿ ಮಳೆಯಲ್ಲಿ ಬರುತ್ತ ಆಳವಾಗಿ ವಿಚಾರ ಮಾಡಿದೆ. ಓದಿದವರು ತಪ್ಪಾದರೆ ಪುಸ್ತಕ ತೆಗೆಯುತ್ತಾರೆ. ನಮ್ಮಂಥವರಿಗೆ ಪುಸ್ತಕ ಎಲ್ಲಿಯದು? ನಾವು ನಮ್ಮ ಅನುಭವವನ್ನೇ ತೆಗೆಯುತ್ತೇವೆ. ಅನುಭವ ಹೇಳಿತು: ಅಚ್ಚು ಅಂಟಿದರೆ ನೆನೆಸಿದ್ದು ಸಾಲಲಿಲ್ಲ ಎಂದರ್ಥ. ನೀರು ಕಡಿಮೆಯಾಗಿದೆ!

ಹೀಗಾಗಿ ಎರಡನೆಯ ಸಲ ಹಣ್ಣು ಮಾತ್ರವಲ್ಲ, ಕಡಾಯಿಯನ್ನೂ ತೋಯಿಸಿದೆ. ಸಟ್ಟುಗ ತೋಯಿಸಿದೆ. ತಾಟಿನ ಮೇಲೆ ತೊಯ್ದ ಅರಿವೆ ಹಾಸಿದೆ. ನನ್ನ ಕೈಯಿಂದ ಮೊಳಕೈ ತನಕ ನೀರು. ಮಡಿ ಹೆಂಗಸರೂ ನಾಚಬೇಕು, ಅಷ್ಟು ತೇವ.

ಶಾರದಾ ಎದ್ದು ನಿಂತಳು. "ಅಣ್ಣಾ, ಒಂದಽ ಒಂದು ಮಾತು ಹೇಳಲೇನು?"

ಈಗಲೂ ನೆನೆಸಿಕೊಂಡರೆ ನಾನು ತಲೆ ಕೆರೆದುಕೊಳ್ಳುವುದು ಇಲ್ಲಿಯೇ. ಹುಡುಗಿ ಸುಮ್ಮನಿದ್ದರೆ ಗೆಲ್ಲುತ್ತಿದ್ದಳು. ನಾನು ಕೆಡಿಸಿದಷ್ಟೂ ಅವಳ ಧಾರವಾಡ ಹತ್ತಿರವಾಗುತ್ತಿತ್ತು. ಆದರೂ ಅವಳ ಕಣ್ಣಿಗೆ ಆ ಹೊತ್ತಿನಲ್ಲಿ ಕಂಡದ್ದು ಕೆಡುತ್ತಿರುವ ಪದಾರ್ಥ, ಬೆವರುತ್ತಿರುವ ಅಣ್ಣ. ನಾನು ಅವಳಿಗೆ ಕೊಟ್ಟ ಉತ್ತರ ಏನು ಗೊತ್ತೇ? "ಬಾಯಿ ಮುಚ್ಚು."

ಚಾಕಲೇಟು ಈ ಸಲ ಕರಗುವ ಮೊದಲೇ ಮುನಿಸಿಕೊಂಡಿತು. ಹಣ್ಣಿನ ತನಕ ಪಾಳಿ ಬರಲೇ ಇಲ್ಲ. ಕಡಾಯಿಯ ತಳದಲ್ಲಿ ಒಂದು ಕರಿಯ ಮುದ್ದೆ ನನ್ನನ್ನೇ ನೋಡುತ್ತ ಕೂತಿತು. ಮಾಸ್ತರರು, "ನ್ಯಾಯ ಹೇಳಬೇಕಂದ್ರ ಮುದ್ದೆಮಾಲು ತಿನ್ನಬೇಕಾಗ್ತದ. ಇದನ್ನ ತಿನ್ನೋದಾದ್ರೂ ಹೆಂಗ?" ಎಂದು ನಿಜವಾದ ದುಃಖದಿಂದ ಕೇಳಿದರು.

ಆಗ ಗಿರಿಜವ್ವ ಸೆರಗಿನೊಳಗಿಂದ ಬೆಳ್ಳಿಕಾಗದದ ಒಂದು ಚಾಕಲೇಟು ತೆಗೆದು ಶಾರದಾಳ ಕೈಗಿಟ್ಟಳು. ಈ ಸಲ ಮೂರರಲ್ಲಿ ಎರಡನ್ನೇ ಕಡಾಯಿಗೆ ಹಾಕಿದ್ದೆನೆಂದು ನನಗೆ ಆಗ ತಿಳಿಯಿತು. "ನಿಮ್ಮ ಇಪ್ಪತ್ತು ವರ್ಷದ ಮ್ಯಾಲೆ ನನಗೂ ಸ್ವಲ್ಪ ಅನುಭವ ಐತ್ರಿ," ಅಂದಳು ನನ್ನ ಹೆಂಡತಿ.

"ವೈನೀ, ಒಣಾ ಅರಿವಿ ಕೊಡ್ರಿ," ಅಂದಳು ಶಾರದಾ.

ಅವಳ ಕೆಲಸ ನೋಡಿದೆ. ಬೇರೆ ಪಾತ್ರೆಯಲ್ಲಿ ಬಿಸಿನೀರು ಇಟ್ಟು ಒಲೆಯಿಂದ ಇಳಿಸಿ, ಅದರ ಬಾಯಿಯ ಮೇಲೆ ಒಣಗಿದ ಇನ್ನೊಂದು ಬೋಗುಣಿ ಕೂಡಿಸಿ, ಅದರೊಳಗೆ ಚಾಕಲೇಟು ಹಾಕಿದಳು. ನೀರು ಕೆಳಗೇ ಉಳಿಯಿತು, ಒಂದು ಹನಿ ಮೇಲೆ ಬರದ ಹಾಗೆ ಕಾದಳು. ಹೊಸದಾಗಿ ಕೊಯ್ದ ಬಾಳೆಯ ಬಿಲ್ಲೆಗಳನ್ನು ಒಂದೊಂದಾಗಿ ಅರಿವೆಯಿಂದ ಒತ್ತಿ ಒರೆಸಿದಳು, ಕೂಸಿಗೆ ಜಳಕ ಮಾಡಿಸಿ ಒರೆಸಿದಂತೆ. ಮಾವನ್ನು ಮುಟ್ಟಲಿಲ್ಲ, "ರಸ ಬಿಡತೈತಿ, ಇದಕ್ಕ ಆಗಂಗಿಲ್ಲ," ಅಂದಳು. ಹೊಸ ಕಸಬರಿಗೆಯ ಹಂಚಿಕಡ್ಡಿಯ ತುದಿಗೆ ಬಿಲ್ಲೆ ಚುಚ್ಚಿ ಅದ್ದಿ, ತುಪ್ಪ ಸವರಿದ ತಾಟಿನಲ್ಲಿ ಇಟ್ಟಳು. ತಂಪು ಹವೆಗೆ ನೋಡನೋಡುತ್ತ ಅಂಗಿ ಬಿಗಿಯಿತು.

ಮಾಸ್ತರರು ಒಂದು ತಿಂದರು. "ಹ್ಞಾಂ," ಅಂದರು. ಎರಡನೆಯದು ತಿಂದು, "ನ್ಯಾಯದಾಗ ಅವಸರ ಮಾಡಬಾರದು," ಅಂದರು. ಆರನೆಯದರ ತನಕ ವಿಚಾರಣೆ ನಡೆಸಿ, ಗೋಡೆಯಾಚೆಯಿಂದ ಅವರ ಮನೆಯವರ ಕೆಮ್ಮು ಕೇಳಿದ ಮೇಲೆ ತೀರ್ಪು ಕೊಟ್ಟರು: "ಹುಡುಗಿ ಗೆದ್ದಳಪಾ." ಬಾಯಿ ಒರೆಸಿಕೊಂಡು ಹಿತ್ತಲ ಬಾಗಿಲಿನಿಂದ ಹೋದರು.

ಶಾರದಾ ನನ್ನ ಕರಿಯ ಮುದ್ದೆಯನ್ನೂ ಬಿಡಲಿಲ್ಲ. ಸುಡದೆ ಉಳಿದಷ್ಟನ್ನು ಬಿಡಿಸಿ, ಅದಕ್ಕೆ ಬಿಸಿ ಹಾಲು ಒಮ್ಮೆಗೇ ಸಾಕಷ್ಟು ಹೊಯ್ದು ತಿರುವಿದಳು. ಹೆಂಟೆ ಕರಗಿ ಗಟ್ಟಿ ಪಾಯಸದಂತಾಯಿತು. ಮಾವಿನ ಹೋಳಿನ ಮೇಲೆ ಸುರಿದು ನನ್ನ ಮುಂದಿಟ್ಟಳು.

ತಿಂದೆ. ತಿಂದು ಕೇಳಿದೆ. ಕಾಕಾನ ಸಟ್ಟುಗದ ಪೆಟ್ಟು ತಿಂದ ಮೇಲೆ ಬಾಯಿಂದ ಆ ಶಬ್ದ ಹೊರಟದ್ದು ಅದೇ ಮೊದಲು. "ಯಾಕ ಹಂಗಾತು ಶಾರೀ?"

ಅವಳು ನನ್ನ ಎದುರಿಗೆ ಕೂತಳು. ಲೀಜಾಳ ತಾಯಿಯನ್ನು ಕೇಳಿ ತಿಳಿದುಕೊಂಡಿದ್ದಳಂತೆ. "ನಿನ್ನ ಪಾಕದಾಗ ಸಕ್ಕರಿ ನೀರಾಗ ಕರಗಿರತೈತಿ ಅಣ್ಣಾ. ಅದಕ್ಕ ನೀರು ಗೆಳೆಯ. ಚಾಕಲೇಟಿನ್ಯಾಗ ಸಕ್ಕರಿ ಕರಗಿರಂಗಿಲ್ಲ. ಸಣ್ಣ ಪುಡಿಯಾಗಿ ಎಣ್ಣಿಯಂಥಾದ್ದರಾಗ ಒಣಾ ಕುಂತಿರತೈತಿ. ಒಂದು ಹನಿ ನೀರು ಬಿತ್ತಂದ್ರ ಪುಡಿ ಎಲ್ಲಾ ಒಂದಕ್ಕೊಂದು ಅಂಟಿ ಗಂಟು ಕಟ್ಟತೈತಿ. ಸ್ವಲ್ಪ ನೀರು ಕೆಡಸತೈತಿ. ಬಾಳ ಹಾಕಿದ್ರ ಮತ್ತ ಸಡಲಾಕೈತಿ."

ನಾನು ತಿರುಗಿ ನನ್ನ ಕಡಾಯಿಯನ್ನು ನೋಡಿದೆ. ಚಾಕಲೇಟಿನ ಗುಟ್ಟು ತಿಳಿಯಿತೆಂದಲ್ಲ. ಇಷ್ಟು ವರ್ಷ ನಾನು ದಿನಾ ಕಾಯಿಸಿದ ನನ್ನ ಪಾಕದ ಒಳಗೆ ಏನು ನಡೆಯುತ್ತದೆ ಎಂದು ಯಾರೋ ಮೊದಲ ಸಲ ಹೇಳಿದ್ದರು. ನನ್ನ ಮನೆಯೊಳಗೆ ನಾನು ನೋಡದ ಒಂದು ಖೋಲಿ ಇದೆ ಎಂದು ತೋರಿಸಿದಂತಾಯಿತು.

"ಹಂಗಾರ ಕಟ್ಟಿಗಿ ಅಚ್ಚು ನೆನಿ ಹಾಕಿದ್ರ ಸಕ್ಕರಿ ಯಾಕ ಅಂಟಂಗಿಲ್ಲ?" ಎಂದು ಕೇಳಿದೆ. ಕೇಳಲು ಕಲಿತವನಿಗೆ ತಡೆ ಇರುವುದಿಲ್ಲ.

ಶಾರದಾ ವಿಚಾರ ಮಾಡಿದಳು. "ಅದು ನನಗೂ ಗೊತ್ತಿಲ್ಲಣ್ಣಾ. ಅಲ್ಲಿ ಯಾರನ್ನಾರ ಕೇಳ್ಕೊಂಡು ಬರ್ತೇನಿ."

ಸೋಮವಾರ ನಾವಿಬ್ಬರೂ ಧಾರವಾಡದ ಬಸ್ಸು ಹತ್ತಿದೆವು. ಅವಳ ಮಡಿಲಲ್ಲಿ ಫಾರ್ಮು. ಮಳೆಯ ಎರಚಲು ಒಳಗೆ ಬಂದಾಗಲೆಲ್ಲ ನಾನೇ ಕೈ ಅಡ್ಡ ಹಿಡಿದೆ, ಅದೊಂದು ತೋಯಬಾರದೆಂದು. ಉಣಕಲ್ ಕೆರೆ ದಾಟುವಾಗ ನನಗೆ ಒಳಗೊಳಗೆ ಒಂದು ಹೆದರಿಕೆ ಇತ್ತು, ಸಾಲಿಯಂಥ ಕಟ್ಟಡದೊಳಗೆ ಕಾಲಿಡದೆ ಎಷ್ಟೋ ವರ್ಷವಾಗಿತ್ತು. ಒಗೆದ ಧೋತರ ಉಟ್ಟಿದ್ದೆ, ಒಂದೇ ಒಂದು ಕಣ ಸಕ್ಕರೆ ಇರದಂತೆ ಎರಡು ಸಲ ಝಾಡಿಸಿದ್ದೆ.

ಮೇಜಿನ ಹಿಂದಿನ ಗುಮಾಸ್ತರು ಫಾರ್ಮು ಓದಿದರು. ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ನಿಮ್ಮ ಉದ್ಯೋಗ ಏನ್ರಿ?"

"ಮಿಠಾಯಿ ಅಂಗಡಿ ಐತ್ರಿ. ಹುಬ್ಬಳ್ಳ್ಯಾಗ."

"ಎಷ್ಟು ವರ್ಷ ಆತು?"

"ಇಪ್ಪತ್ತಾತ್ರಿ."

ಗುಮಾಸ್ತರು ನಕ್ಕರು. ಆಚೆಯ ಮೇಜಿನವರಿಗೂ ಕೇಳಲಿ ಎಂದು ದನಿ ಏರಿಸಿದರು: "ಇಪ್ಪತ್ತು ವರ್ಷದ ಮಿಠಾಯಿಗಾರರ ಮನಿ ಹುಡುಗಿ! ಆಕೀಗೆ ಅಡಿಗಿ ಕಲಿಸಲಿಕ್ಕೆ ಇಲ್ಲೀತನಕಾ ಕರಕೊಂಡು ಬಂದೀರೇನ್ರಿ?"

ಶಾರದಾ ನನ್ನ ಮುಖ ನೋಡಲಿಲ್ಲ, ನೆಲ ನೋಡಿದಳು. ನಾನು ಅವರ ಮೇಜಿನ ಮೇಲಿನ ಪೆನ್ನು ತೆಗೆದುಕೊಂಡೆ. ತೋರಿಸಿದ ಜಾಗದಲ್ಲಿ, ಒತ್ತಿ, ಒಂದೊಂದೇ ಅಕ್ಷರ ಬಿಡಿಸಿ ಸಹಿ ಮಾಡಿದೆ.

"ಹೌದ್ರಿ," ಅಂದೆ. "ಮನ್ಯಾಗ ಒಬ್ಬರಿಗಾದ್ರೂ ಅಡಿಗಿ ಬರಲಿ ಅಂತ."